ಗ್ಲಾಸು ಎಲ್ಲಿಂದ ಸೀಳ್ತದೆ ಅಂತ ಮಷಿನ್ ಮೊದಲೇ ಹೇಳ್ತದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ, ಸೇಫ್ಟಿ ಗ್ಲಾಸಿಗೆ ಏಟು ಬಿದ್ರೆ ಅದು ಹೆಂಗೆ ಒಡೀತದೆ ಅನ್ನೋದನ್ನ ಮಷಿನ್ ಲರ್ನಿಂಗ್‌ನಿಂದ ಅಂದ್ರೆ ಉದಾಹರಣೆ ನೋಡಿ ನೋಡಿ ಕಂಪ್ಯೂಟರ್ ತಾನೇ ಕಲಿಯೋ ವಿಧಾನದಿಂದ ಮೊದಲೇ ಅಂದಾಜು ಮಾಡೋ ಕೆಲಸ ನಡೀತಾ ಐತೆ ಅಂತ ನಾಕೇ ಸಾಲು ಬರ್ದಿದ್ದೆ, ಅದಕ್ಕೆ ಬಂದ ಪ್ರಶ್ನೆಗಳಿಂದಾನೇ ಈ ಸಲದ ಅಂಕಣ ತುಂಬಿ ಹೋಯ್ತು. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರೇ ಜಾಸ್ತಿ ಕೇಳಿದಾರೆ. ಅದಿರು, ಜಲ್ಲಿ ಹೊತ್ತ ಟಿಪ್ಪರ್ ಹಿಂದೆ ದಿನಾ ಗಾಡಿ ಓಡಿಸೋರಿಗೆ ಇದು ಓದಿ ತಿಳಿಯೋ ವಿಷಯ ಅಲ್ಲ, ಕಣ್ಣೆದುರೇ ಆಗೋದು.

ಪ್ರಶ್ನೆ: ಸರ್, ನಾನು ತೋರಣಗಲ್ಲು ಕಡೆ ಟಿಪ್ಪರ್ ಓಡಿಸ್ತೀನಿ. ಮುಂದಿನ ಗ್ಲಾಸಿಗೆ ಕಲ್ಲು ಬಿದ್ರೆ ಸೀಳು ಬಿಡ್ತದೆ ಆದ್ರೆ ಉದುರಲ್ಲ, ಸೈಡ್ ಗ್ಲಾಸು ಮಾತ್ರ ಒಂದೇ ಏಟಿಗೆ ಪುಡಿಪುಡಿ ಆಗಿ ಸೀಟ್ ಮೇಲೆಲ್ಲ ಬೀಳ್ತದೆ. ಎರಡೂ ಸೇಫ್ಟಿ ಗ್ಲಾಸೇ ಅಂತಾರೆ, ಹಂಗಾದ್ರೆ ಇಷ್ಟು ಫರಕ್ ಯಾಕೆ?

ಉತ್ತರ: ಅಣ್ಣಾ, ಎರಡೂ ಸೇಫ್ಟಿ ಗ್ಲಾಸೇ, ಆದ್ರೆ ಕಾಪಾಡೋ ದಾರಿ ಬೇರೆ ಬೇರೆ. ಮುಂದಿನದು ಲ್ಯಾಮಿನೇಟೆಡ್, ಅಂದ್ರೆ ಸುಮಾರು ಎರಡೆರಡು ಎಂಎಂ ದಪ್ಪದ ಎರಡು ಮಾಮೂಲಿ ಗ್ಲಾಸಿನ ಮಧ್ಯೆ ಪಿವಿಬಿ ಅನ್ನೋ ಪ್ಲಾಸ್ಟಿಕ್ ಹಾಳೆ ಇಟ್ಟು, ಬಿಸಿ ಮಾಡಿ ಒತ್ತಿ ಅಂಟಿಸಿರ್ತಾರೆ, ಆ ಹಾಳೆ ಸಾಮಾನ್ಯವಾಗಿ 0.76 ಎಂಎಂ ಇರ್ತದೆ. ಗ್ಲಾಸು ಒಡೆದ್ರೂ ಚೂರುಗಳು ಆ ಹಾಳೆಗೇ ಅಂಟ್ಕೊಂಡು ನಿಲ್ತವೆ, ಒಳಗಿರೋರು ಹೊರಗೆ ತೂರಿ ಹೋಗದಂಗೆ ತಡೀತದೆ, ಹೊರಗಿನ ಕಲ್ಲು ಒಳಗೆ ಬರದಂಗೂ ತಡೀತದೆ. ಈ ಐಡಿಯಾ ಹುಟ್ಟಿದ್ದು 1903ರಲ್ಲಿ, ಎಡುವಾರ್ ಬೆನೆಡಿಕ್ಟಸ್ ಅನ್ನೋ ಫ್ರೆಂಚ್ ಕೆಮಿಸ್ಟ್ ಕೈಯಿಂದ ಲ್ಯಾಬಿನ ಒಂದು ಫ್ಲಾಸ್ಕು ಕೆಳಗೆ ಬಿತ್ತು, ಒಡೀತು, ಆದ್ರೆ ಚೂರು ಚೆಲ್ಲಲಿಲ್ಲ, ನೋಡಿದ್ರೆ ಒಳಗೆ ಸೆಲ್ಯುಲೋಸ್ ನೈಟ್ರೇಟ್ ದ್ರವ ಒಣಗಿ ತೆಳ್ಳನೆ ಪದರ ಕಟ್ಟಿತ್ತು. 1909ರಲ್ಲಿ ಅವರು ಪೇಟೆಂಟ್ ಮಾಡಿಸಿದ್ರು.

ಸೈಡ್ ಗ್ಲಾಸು ಸಾಮಾನ್ಯವಾಗಿ ಟಫನ್ಡ್. ಗ್ಲಾಸನ್ನ 620ರಿಂದ 650 ಡಿಗ್ರಿವರೆಗೆ ಕಾಯಿಸಿ, ಎರಡೂ ಕಡೆಯಿಂದ ಜೋರಾಗಿ ಗಾಳಿ ಊದಿ ತಣ್ಣಗೆ ಮಾಡ್ತಾರೆ. ಮೇಲ್ಮೈ ಮೊದಲು ಗಟ್ಟಿ ಆಗಿಬಿಡ್ತದೆ, ಒಳಗಿನದು ಆಮೇಲೆ ತಣ್ಣಗಾಗ್ತಾ ಕುಗ್ಗೋಕೆ ನೋಡ್ತದೆ, ಅದಕ್ಕೇ ಮೇಲ್ಮೈ ಸದಾ ಅದುಮಿಸಿಕೊಂಡಂಗೆ, ಒಳಭಾಗ ಸದಾ ಎಳೆದು ಹಿಡಿದಂಗೆ ಇರ್ತದೆ. ಅದುಮಿದ ಪದರ ಒಂದೊಂದು ಕಡೆಯೂ ದಪ್ಪದ ಐದನೇ ಒಂದು ಭಾಗ ಮಾತ್ರ. ಸೀಳು ಆ ಪದರ ದಾಟಿ ಒಳಗಿನ ಎಳೆತದ ಜಾಗಕ್ಕೆ ಮುಟ್ಟಿತೋ, ಮುಗೀತು, ಅಲ್ಲಿ ತುಂಬಿಟ್ಟಿದ್ದ ಶಕ್ತಿಯೆಲ್ಲ ಒಂದೇ ಸಲ ಬಿಡುಗಡೆ ಆಗಿ ಸೀಳು ಕವಲೊಡೆದು ಕವಲೊಡೆದು ಇಡೀ ಹಾಳೆ ಸಣ್ಣ ಸಣ್ಣ ತುಂಡಾಗ್ತದೆ. ಚೂಪಾದ ಉದ್ದನೆ ಚೂರು ಬಂದು ಕುತ್ತಿಗೆಗೆ ಚುಚ್ಚೋದು ತಪ್ತದೆ, ಅದೇ ಅದರ ಸೇಫ್ಟಿ. ನಮ್ಮ ದೇಶದ ಮೋಟಾರು ವಾಹನ ನಿಯಮದಲ್ಲೂ ಮುಂದಿನ ಗ್ಲಾಸು ಲ್ಯಾಮಿನೇಟೆಡ್ಡೇ ಇರಬೇಕು ಅಂತ ಐತೆ, ಹೊಸದು ಹಾಕಿಸುವಾಗ ಮೂಲೆಯಲ್ಲಿ ಐಎಸ್ 2553 ಅನ್ನೋ ಭಾರತೀಯ ಮಾನದಂಡದ ಗುರುತು ಇದೆಯಾ ನೋಡ್ಕೊಳ್ಳಿ, ಅಗ್ಗಕ್ಕೆ ಸಿಕ್ತು ಅಂತ ಗುರುತಿಲ್ಲದ್ದು ಹಾಕಿಸ್ಬೇಡಿ.

ಪ್ರಶ್ನೆ: ನಮಸ್ಕಾರ ಸರ್. ನಾನು ಕೊಪ್ಪಳ ತಾಲೂಕಿನ ಒಂದು ಹೈಸ್ಕೂಲಿನ್ಯಾಗ ವಿಜ್ಞಾನ ಮಾಸ್ತರ. ಹುಡುಗ್ರು ಒಂದು ಪ್ರಶ್ನೆ ಕೇಳ್ಯಾರ, ನನಗೂ ಉತ್ತರ ಬರವಲ್ದು. ಗ್ಲಾಸಿನ ಸೀಳು ಒಂದೊಂದ್ ಸಲ ಒಂದೊಂದ್ ಥರ ಹೋಗ್ತೈತಿ, ಹಂಗಿದ್ದ ಮ್ಯಾಲ ಮಷಿನ್ ಹೆಂಗ ಮೊದ್ಲ ಹೇಳ್ತೈತ್ರಿ? ಅದು ನಿಜಾನ ಏನು?

ಉತ್ತರ: ಮೇಷ್ಟ್ರೇ, ಎಲ್ಲಾ ಪತ್ರಗಳ ಪೈಕಿ ಬುಡಕ್ಕೆ ಕೈ ಹಾಕಿರೋ ಪ್ರಶ್ನೆ ನಿಮ್ಮದು, ಆ ಮಕ್ಕಳಿಗೆ ನನ್ನ ಶಹಬ್ಬಾಸ್ ಹೇಳಿ, ಉತ್ತರ ಸ್ವಲ್ಪ ಉದ್ದ ಆಗ್ತದೆ.

ಮೊದಲು ನೇರ ಮಾತು. ನಿಮ್ಮ ಕೈಯಲ್ಲಿರೋ ಇದೇ ಗ್ಲಾಸಿನಲ್ಲಿ ಸೀಳು ಇಲ್ಲಿ ಹುಟ್ಟಿ ಹಿಂಗೇ ಹೋಗ್ತದೆ ಅಂತ ಯಾವ ಮಷಿನ್ನೂ ಹೇಳಕ್ಕಾಗಲ್ಲ, ಹೇಳ್ತೀನಿ ಅಂತ ಯಾರಾದ್ರೂ ಬಂದ್ರೆ ನಂಬಬೇಡಿ. ಹೇಳಕ್ಕಾಗೋದು ಏನಂದ್ರೆ, ಇಂಥ ಗ್ಲಾಸಿಗೆ ಇಂಥ ಜಾಗದಲ್ಲಿ ಇಷ್ಟು ಸ್ಪೀಡಲ್ಲಿ ಏಟು ಬಿದ್ರೆ ನೂರಕ್ಕೆ ಎಷ್ಟು ಸಲ ಒಡೀತದೆ, ಎಷ್ಟು ಬೇಗ ಒಡೀತದೆ, ಚೂರಿನ ಸೈಜು ಎಷ್ಟರಿಂದ ಎಷ್ಟರೊಳಗೆ ಇರ್ತದೆ, ಇಷ್ಟು. ಮಾಡೆಲ್ ಅಂದ್ರೆ ಉದಾಹರಣೆ ನೋಡಿ ಕಲಿತ ಕಂಪ್ಯೂಟರ್ ಲೆಕ್ಕ, ಒಂದೇ ಉತ್ತರ ಕೊಡೋ ಮಾಡೆಲ್‌ಗಿಂತ ಹಿಂಗೆ ಸಾಧ್ಯತೆ ಹೇಳೋ ಮಾಡೆಲ್ಲೇ ನಿಜ ಹೇಳ್ತಿರೋದು ಅಂತ ನಾನು ಗಟ್ಟಿಯಾಗಿ ನಂಬಿದೀನಿ, ಯಾಕೆ ಅನ್ನೋದಕ್ಕೆ ಗ್ಲಾಸಿನ ಒಳಗೇ ಕಾರಣ ಐತೆ.

ಗ್ಲಾಸಿನ ಅಣುಗಳ ಬಂಧದ ಲೆಕ್ಕ ಹಾಕಿದ್ರೆ ಅದು ಸಾವಿರಾರು ಮೆಗಾಪ್ಯಾಸ್ಕಲ್ (ಒತ್ತಡ, ಎಳೆತ ಅಳೆಯೋ ಮಾನ) ಎಳೆತ ತಡೀಬೇಕು. ಆದ್ರೆ ಯುರೋಪಿನ ಕಟ್ಟಡದ ಲೆಕ್ಕದಲ್ಲಿ ಮಾಮೂಲಿ ಗ್ಲಾಸಿಗೆ ಹಿಡಿಯೋದು 45 ಮೆಗಾಪ್ಯಾಸ್ಕಲ್, ಟಫನ್ಡ್‌ಗೆ 120. ಉಳಿದ ಬಲ ಎಲ್ಲಿ ಹೋಯ್ತು ಅಂತ ತಲೆ ಕೆಡಿಸ್ಕೊಂಡು ಉತ್ತರ ಹುಡುಕಿದ್ದು ಇಂಗ್ಲೆಂಡಿನ ಎ. ಎ. ಗ್ರಿಫಿತ್ ಅನ್ನೋ ಎಂಜಿನಿಯರ್ರು. ಫಾರ್ನ್‌ಬರೋದ ವಿಮಾನ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡ್ತಾ ಗ್ಲಾಸಿನ ತೆಳ್ಳನೆ ಎಳೆ ಎಳೆದು ಎಳೆದು ಪರೀಕ್ಷೆ ಮಾಡಿದ್ರು, ಎಳೆ ತೆಳ್ಳಗಾದಷ್ಟೂ ಬಲ ಜಾಸ್ತಿ ಬಂತು, ಯಾಕಂದ್ರೆ ತೆಳ್ಳನೆ ಎಳೆಯಲ್ಲಿ ದೊಡ್ಡ ಗೀರಿಗೆ ಜಾಗಾನೇ ಇಲ್ಲ. 1921ರಲ್ಲಿ ಬಂದ ಅವರ ಪೇಪರಿನ ಸಾರ ಇಷ್ಟೇ, ಗ್ಲಾಸಿನ ಮೈ ಮೇಲೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಿರುಕುಗಳು ಇರ್ತವೆ, ಏಟು ಬಿದ್ದಾಗ ಆ ಬಿರುಕಿನ ತುದಿಯಲ್ಲಿ ಒತ್ತಡ ಹಲವು ಪಟ್ಟು ಆಗ್ತದೆ, ಒಡೆಯೋದು ಅಲ್ಲಿಂದಾನೇ.

ಈಗ ನೋಡಿ ಮೇಷ್ಟ್ರೇ, ಒಂದೇ ಫ್ಯಾಕ್ಟರಿಯಲ್ಲಿ ಒಂದೇ ದಿನ ಮಾಡಿದ ಎರಡು ಗ್ಲಾಸು ತಗೊಂಡ್ರೂ ಈ ಗೀರುಗಳು ಒಂದೇ ಜಾಗದಲ್ಲಿ ಇರಲ್ಲ, ಒಂದೇ ಆಳದಲ್ಲೂ ಇರಲ್ಲ. ಫ್ಲೋಟ್ ಗ್ಲಾಸು ಅಂದ್ರೆ ಕರಗಿದ ತವರದ ಮೇಲೆ ತೇಲಿಸಿ ಮಾಡೋದು, ಅದರಲ್ಲಿ ತವರ ತಾಗಿದ ಮುಖ ಆಮೇಲೆ ರೋಲರ್ ಮೇಲೂ ಹಾದು ಬರೋದ್ರಿಂದ ಗಾಳಿ ತಾಗಿದ ಮುಖಕ್ಕಿಂತ ಸಾಮಾನ್ಯವಾಗಿ ಒಂಚೂರು ದುರ್ಬಲ. ಅಂದ್ರೆ ಒಂದೇ ಹಾಳೆಯ ಎರಡು ಮುಖಕ್ಕೇ ಬಲ ಬೇರೆ. ಸ್ವೀಡನ್ನಿನ ವಾಲೊಡಿ ವೈಬುಲ್ ಅನ್ನೋ ಎಂಜಿನಿಯರ್ರು 1939ರಲ್ಲಿ ಇದಕ್ಕೆ ಒಂದು ಗಣಿತ ಕೊಟ್ರು, ವಸ್ತುವಿನ ಬಲ ಅಂದ್ರೆ ಒಂದು ನಂಬರ್ ಅಲ್ಲ, ಇಷ್ಟು ಒತ್ತಡಕ್ಕೆ ಒಡೆಯೋ ಸಾಧ್ಯತೆ ಇಷ್ಟು ಅನ್ನೋ ಒಂದು ವಕ್ರರೇಖೆ, ಅಳತೆ ದೊಡ್ಡದಾದಷ್ಟೂ ಕೆಟ್ಟ ಗೀರು ಸಿಗೋ ಸಾಧ್ಯತೆ ಜಾಸ್ತಿ ಅದಕ್ಕೇ ದೊಡ್ಡ ಗ್ಲಾಸು ಬೇಗ ಒಡೀತದೆ. ಇವತ್ತಿಗೂ ಗ್ಲಾಸಿನ ಲೆಕ್ಕಕ್ಕೆ ಅದನ್ನೇ ಬಳಸ್ತಾರೆ.

ಇದು ಬರೀ ಓದಿನ ವಿಷಯ ಆಗಿದ್ರೆ ನಾನು ಇಷ್ಟು ಬರೀತಿರಲಿಲ್ಲ. ಕಾರು ಒಬ್ಬ ನಡೆದು ಹೋಗೋ ಮನುಷ್ಯನಿಗೆ ಗುದ್ದಿದಾಗ ಎಷ್ಟೋ ಸಲ ಅವರ ತಲೆ ಬಂದು ಬೀಳೋದು ಮುಂದಿನ ಗ್ಲಾಸಿನ ಮೇಲೆ. ಅದಕ್ಕೇ ಕಾರು ಪಾದಚಾರಿಗೆ ಎಷ್ಟು ಸೇಫು ಅಂತ ನೋಡೋಕೆ ತಲೆಯ ಆಕಾರದ ಗುಂಡು ಹಾರಿಸಿ ಪರೀಕ್ಷೆ ಮಾಡ್ತಾರೆ, ಮಗುವಿನ ತಲೆಗೆ 3.5 ಕೆಜಿ, ದೊಡ್ಡವರ ತಲೆಗೆ 4.5 ಕೆಜಿ, ವಿಶ್ವಸಂಸ್ಥೆಯ ನಿಯಮದಲ್ಲಿ ಸ್ಪೀಡು ಗಂಟೆಗೆ 35 ಕಿಲೋಮೀಟರ್. ಗುಂಡಿನ ಒಳಗಿನ ಸೆನ್ಸರ್‌ನಿಂದ ತಲೆಗೆ ಆದ ಜರ್ಕು ಎಷ್ಟು ಜೋರು, ಎಷ್ಟು ಹೊತ್ತು ಅಂತ ಎರಡನ್ನೂ ಸೇರಿಸಿ ಒಂದು ನಂಬರ್ ತೆಗೀತಾರೆ, ಅದಕ್ಕೆ ಎಚ್ಐಸಿ ಅಂತಾರೆ, ಸಾವಿರ ದಾಟಿದ್ರೆ ತಲೆಗೆ ಗಂಭೀರ ಪೆಟ್ಟಿನ ಅಪಾಯ ಅಂತ ಲೆಕ್ಕ.

ಇಲ್ಲಿ ಒಂದು ವಿಷಯ ಮಕ್ಕಳಿಗೆ ಖಂಡಿತ ಹೇಳಿ. ತಲೆಗೆ ಒಳ್ಳೇದು ಯಾವುದು, ಗಟ್ಟಿ ಗ್ಲಾಸಾ, ಬೇಗ ಒಡೆಯೋ ಗ್ಲಾಸಾ? ಬೇಗ ಒಡೆಯೋದು. ಗ್ಲಾಸು ಬೇಗ ಬಿರುಕು ಬಿಟ್ರೆ ಅದು ಮೆತ್ತಗಾಗಿ ಒಳಗೆ ಬಾಗ್ತದೆ, ಪಿವಿಬಿ ಹಾಳೆ ಹಿಗ್ಗಿ ಏಟಿನ ಶಕ್ತಿ ಹೀರ್ತದೆ, ತಲೆ ನಿಧಾನಕ್ಕೆ ನಿಲ್ತದೆ. ಒಡೆಯದೇ ಹಠ ಹಿಡಿದು ಕೆಲವು ಮಿಲಿಸೆಕೆಂಡು ಜಾಸ್ತಿ ನಿಂತ್ರೆ ಅಷ್ಟರಲ್ಲಿ ತಲೆಗೆ ಬೀಳಬೇಕಾದ ಪೆಟ್ಟು ಬಿದ್ದಾಗಿರ್ತದೆ. ಒಂದೇ ಮಾಡೆಲ್ ಕಾರು, ಒಂದೇ ಜಾಗ, ಒಂದೇ ಸ್ಪೀಡು, ಆದ್ರೂ ಒಂದು ಗ್ಲಾಸಿನಲ್ಲಿ ಎಚ್ಐಸಿ ಕಮ್ಮಿ ಬಂದು ಇನ್ನೊಂದರಲ್ಲಿ ಜಾಸ್ತಿ ಬರ್ತದೆ, ಕಾರಣ ಆ ಕಣ್ಣಿಗೆ ಕಾಣದ ಗೀರು. ಒಂದೇ ಸಲ ಪರೀಕ್ಷೆ ಮಾಡಿ ಪಾಸ್ ಅಂದ್ರೆ ಅದು ಆ ಒಂದು ಗ್ಲಾಸಿನ ಮಾತಾಯ್ತು, ರಸ್ತೆ ಮೇಲೆ ಓಡೋ ಸಾವಿರಾರು ಗ್ಲಾಸಿನ ಮಾತು ಆಗಲ್ಲ.

ಹಂಗಂತ ಸಾವಿರ ಗ್ಲಾಸು ಒಡೆದು ನೋಡೋಕೆ ಆಗ್ತದಾ? ಒಂದೊಂದು ಪರೀಕ್ಷೆಗೆ ಒಂದೊಂದು ಗ್ಲಾಸು ಹಾಳು, ಜೊತೆಗೆ ಸೀಳು ಓಡೋದು ಸೆಕೆಂಡಿಗೆ ಸುಮಾರು 1500 ಮೀಟರ್, ಒಂದೂವರೆ ಮೀಟರ್ ಅಗಲದ ಗ್ಲಾಸನ್ನ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ದಾಟಿಬಿಡ್ತದೆ, ಅದನ್ನ ಹಿಡಿಯೋಕೆ ಹೈ ಸ್ಪೀಡ್ ಕ್ಯಾಮೆರಾನೇ ಬೇಕು. ಅದಕ್ಕೇ ಕಂಪ್ಯೂಟರ್ ಒಳಗೆ ಒಡೀತಾರೆ, ಗ್ಲಾಸನ್ನ ಸಾವಿರಾರು ಸಣ್ಣ ತುಂಡು ಅಂತ ಲೆಕ್ಕಕ್ಕೆ ಹಿಡಿದು ಪ್ರತಿ ಕ್ಷಣಕ್ಕೂ ಬಲದ ಸಮೀಕರಣ ಬಿಡಿಸ್ತಾರೆ, ಅದು ಫೈನೈಟ್ ಎಲಿಮೆಂಟ್ ವಿಧಾನ. ಆದ್ರೆ ಒಂದು ಏಟಿನ ಲೆಕ್ಕ ಮುಗಿಯೋಕೆ ಗಂಟೆಗಟ್ಟಲೆ ಬೇಕಾಗ್ತದೆ, ಗೀರು ಎಲ್ಲೆಲ್ಲಿದ್ರೆ ಏನಾಗ್ತದೆ ಅಂತ ಹತ್ತು ಸಾವಿರ ಸಲ ಮಾಡ್ತೀನಿ ಅಂದ್ರೆ ಆಗೋ ಮಾತಲ್ಲ.

ಮಷಿನ್ ಲರ್ನಿಂಗ್ ಬರೋದು ಈ ಜಾಗಕ್ಕೆ. ಒಂದಷ್ಟು ನೂರು ಲೆಕ್ಕ ಕಷ್ಟಪಟ್ಟು ಮಾಡಿಸಿ, ಅದರ ಜೊತೆ ನಿಜವಾಗಿ ಒಡೆದ ಕೆಲವೇ ಗ್ಲಾಸುಗಳ ಅಳತೆ ಸೇರಿಸಿ, ಮಾಡೆಲ್‌ಗೆ ಕಲಿಸ್ತಾರೆ. ಏಟು ಬಿದ್ದ ಜಾಗ, ಸ್ಪೀಡು, ಕೋನ, ಗ್ಲಾಸಿನ ದಪ್ಪ, ಬಾಗು, ಪಿವಿಬಿಯ ಗುಣ, ಗೀರಿನ ಹಂಚಿಕೆ ಇವೆಲ್ಲ ಒಳಗೆ ಹೋಗ್ತವೆ, ಯಾವಾಗ ಒಡೀತದೆ, ಎಚ್ಐಸಿ ಎಷ್ಟು ಬರ್ತದೆ ಅನ್ನೋದು ಹೊರಗೆ ಬರ್ತದೆ. ಒಮ್ಮೆ ಕಲಿತರೆ ಉತ್ತರ ಕ್ಷಣದಲ್ಲಿ ಬರ್ತದೆ, ಆವಾಗ ಗೀರನ್ನ ಬೇಕಾದಂಗೆ ಬದಲಾಯಿಸಿ ಹತ್ತು ಸಾವಿರ ಸಲ ಕೇಳಬಹುದು, ಅಷ್ಟರಲ್ಲಿ ಎಷ್ಟು ಸಲ ಎಚ್ಐಸಿ ಸಾವಿರ ದಾಟಿತು ಅಂತ ಎಣಿಸಿದ್ರೆ ನಿಮಗೆ ಬೇಕಾದ ಸಾಧ್ಯತೆ ಸಿಕ್ತು. ಸೀಳಿನ ದಾರಿಯನ್ನೇ ಚಿತ್ರದಂಗೆ ಕಲಿಸೋ ಪ್ರಯತ್ನಗಳೂ ಇವೆ, 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮಾರ್ಕಸ್ ಬ್ಯೂಲರ್ ಅವರ ತಂಡ ಅಣು ಮಟ್ಟದ ಸಿಮ್ಯುಲೇಶನ್‌ಗಳ ಚಿತ್ರ ತೋರಿಸಿ ಸೀಳು ಹೆಂಗೆ ಮುಂದೆ ಹೋಗ್ತದೆ ಅಂತ ಡೀಪ್ ಲರ್ನಿಂಗ್ ಅನ್ನೋ ಒಂದು ಬಗೆಯ ಮಷಿನ್ ಲರ್ನಿಂಗ್‌ಗೆ ಕಲಿಸಿ ತೋರಿಸಿತು, ಆದ್ರೆ ಅದು ಸ್ಫಟಿಕ ರಚನೆಯ ವಸ್ತುಗಳಿಗೆ, ಗ್ಲಾಸಿನಲ್ಲಿ ಆ ಥರ ಸಾಲು ಸಾಲು ಜೋಡಣೆ ಇಲ್ಲ, ಅದಕ್ಕೇ ಅದನ್ನ ಹಂಗೇ ತಂದು ಇಲ್ಲಿ ಕೂರಿಸೋಕಾಗಲ್ಲ.

ಟಫನ್ಡ್ ಗ್ಲಾಸಿನ ಚೂರಿಗೆ ಬೇರೆ ದಾರಿ. ಹಾಳೆ ಮೇಲೆ ಅಲ್ಲಲ್ಲಿ ಚುಕ್ಕಿ ಇಡ್ತಾರೆ, ಪ್ರತಿ ಚುಕ್ಕಿಗೂ ಅದಕ್ಕೇ ಅತಿ ಹತ್ತಿರ ಇರೋ ಜಾಗವೆಲ್ಲ ಸೇರ್ತದೆ, ಇದಕ್ಕೆ ವೊರೊನಾಯ್ ಚಿತ್ರ ಅಂತಾರೆ. ಊರಲ್ಲಿ ಐದಾರು ಬೀದಿ ನಲ್ಲಿ ಇದ್ರೆ ಪ್ರತಿ ಮನೆಯವರೂ ತಮಗೆ ಹತ್ತಿರದ ನಲ್ಲಿಗೇ ಕೊಡ ತಗೊಂಡು ಹೋಗ್ತಾರಲ್ಲ, ಒಂದೊಂದು ನಲ್ಲಿಗೆ ಸೇರೋ ಮನೆಗಳ ಸುತ್ತ ಗೆರೆ ಎಳೆದ್ರೆ ಏನು ಬರ್ತದೋ ಅದೇ. ಆ ಗೆರೆಗಳು ಒಡೆದ ಟಫನ್ಡ್ ಗ್ಲಾಸಿನ ಚೂರಿಗೆ ಬಹಳ ಹತ್ತಿರ ಬರ್ತವೆ. ಒಳಗಿನ ಎಳೆತ ಎಷ್ಟು, ದಪ್ಪ ಎಷ್ಟು ಅನ್ನೋದರ ಮೇಲೆ ಚುಕ್ಕಿ ಎಷ್ಟು ಒತ್ತಾಗಿ ಇಡಬೇಕು ಅಂತ ನಿಜವಾದ ಚೂರಿನ ಫೋಟೋಗಳಿಂದ ಮಾಡೆಲ್ ಕಲೀತದೆ, ಎಳೆತ ಜಾಸ್ತಿ ಇದ್ದಷ್ಟೂ ಚೂರು ಸಣ್ಣ.

ಕೊನೆಗೆ ನನಗೆ ಕಾಡೋ ವಿಷಯ ಒಂದು ಐತೆ, ಅದನ್ನೂ ಹೇಳಿಬಿಡ್ತೀನಿ. ಲ್ಯಾಬಿನಲ್ಲಿ ಒಡೆಯೋದು ಹೊಸ ಗ್ಲಾಸು, ರೂಮು ತಣ್ಣಗಿರ್ತದೆ. ನಮ್ಮ ಗಿಣಿಗೇರಾ ರೋಡಲ್ಲೋ ಸಂಡೂರು ರೋಡಲ್ಲೋ ನಾಕು ವರ್ಷ ಓಡಿದ ಗ್ಲಾಸಿನ ಮೇಲೆ ಅದಿರಿನ ಧೂಳು ಉಜ್ಜಿ ಉಜ್ಜಿ, ಒಣ ವೈಪರ್ ಎಳೆದು ಎಳೆದು ಗೀರು ತುಂಬಿರ್ತವೆ. ಪಿವಿಬಿ ಕೂಡ ಬಿಸಿಗೆ ಮೆತ್ತಗಾಗೋ ವಸ್ತು, 20 ಡಿಗ್ರಿಯಲ್ಲಿ ಇದ್ದಂಗೆ ಮೇ ತಿಂಗಳ ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಲ್ಲಿ ಇರಲ್ಲ. ಯುರೋಪಿನ ಗ್ಲಾಸಿನ ನಿಯಮದಲ್ಲಿ 227 ಗ್ರಾಂ ಉಕ್ಕಿನ ಗುಂಡು ಬೀಳಿಸೋ ಪರೀಕ್ಷೆಯನ್ನ ಮೈನಸ್ 20ಕ್ಕೂ ಮಾಡ್ತಾರೆ, 40 ಡಿಗ್ರಿಗೂ ಮಾಡ್ತಾರೆ. ನಮ್ಮ ಕಡೆ 40 ಡಿಗ್ರಿ ಅಂದ್ರೆ ಬೇಸಿಗೆಯ ನೆರಳಿನ ಲೆಕ್ಕ, ಬಿಸಿಲಿಗೆ ಕಾದ ಗ್ಲಾಸು ಅದಕ್ಕಿಂತ ಬಹಳ ಮೇಲೆ ಹೋಗ್ತದೆ. ಹೊಸ ಗ್ಲಾಸು ನೋಡಿ ಕಲಿತ ಮಾಡೆಲ್‌ಗೆ ನಮ್ಮ ಗ್ಲಾಸಿನ ಬಗ್ಗೆ ಏನೂ ಗೊತ್ತಿರಲ್ಲ, ಆದ್ರೂ ಕೇಳಿದ್ರೆ ಅಷ್ಟೇ ಧೈರ್ಯವಾಗಿ ಉತ್ತರ ಕೊಡ್ತದೆ, ಅದೇ ಅಪಾಯ. ಈ ರಸ್ತೆಯ ಹಳೇ ಗ್ಲಾಸು ತಗೊಂಡು ಅಳೆದು ಅದರ ಡೇಟಾ ಸೇರಿಸಬೇಕು, ಆ ಕೆಲಸ ಇಲ್ಲಿಯವರೇ ಮಾಡಬೇಕು.

ಪ್ರಶ್ನೆ: ಸರ್, ರಾಯಚೂರದಾಗ ನಂದು ಬಟ್ಟಿ ಅಂಗಡಿ ಅದ. ಮುಂದಿನ ಗ್ಲಾಸ್ ಡೋರ್ ರಾತ್ರಿ ತಾನ ಒಡದು ಪುಡಿ ಆಗ್ಯದ, ಸಿಸಿಟಿವಿದಾಗ ಯಾರೂ ಬಂದಿಲ್ಲ, ಕಲ್ಲೂ ಬಿದ್ದಿಲ್ಲ. ಮನ್ಯಾಗ ದೃಷ್ಟಿ ಆಗ್ಯದ ಅಂತಾರ, ಗ್ಲಾಸಿನವರು ನೀವ ಏನೋ ಬಡಿದೀರಿ ಅಂತಾರ. ಏನಾಗಿರಬಹುದ್ರಿ?

ಉತ್ತರ: ಸಾವ್ಕಾರ್ರೇ, ದೃಷ್ಟಿನೂ ಅಲ್ಲ, ಬಡಿದಿರಲೇಬೇಕು ಅಂತಾನೂ ಇಲ್ಲ. ಟಫನ್ಡ್ ಗ್ಲಾಸು ತಾನಾಗೇ ಒಡೆಯೋದಕ್ಕೆ ಎಲ್ಲಾ ಕಡೆ ಗೊತ್ತಿರೋ ಒಂದು ಕಾರಣ ಐತೆ, ನಿಕಲ್ ಸಲ್ಫೈಡ್ ಕಣ. ಗ್ಲಾಸು ಕರಗಿಸುವಾಗ ಎಲ್ಲೋ ನಿಕಲ್ಲಿನ ಅಂಶ ಸೇರಿ ಗಂಧಕದ ಜೊತೆ ಕೂಡಿ ಒಂದು ಸಣ್ಣ ಕಣ ಆಗ್ತದೆ, 0.1 ಎಂಎಂ ಆಸುಪಾಸು ಇದ್ರೂ ಸಾಕು. ಈ ಕಣಕ್ಕೆ ಬಿಸಿಯಲ್ಲಿ ಒಂದು ರೂಪ, ತಣ್ಣಗಿದ್ದಾಗ ಇನ್ನೊಂದು ರೂಪ, ಟಫನ್ ಮಾಡುವಾಗ ದಿಢೀರ್ ತಣ್ಣಗೆ ಮಾಡೋದ್ರಿಂದ ಬಿಸಿ ರೂಪದಲ್ಲೇ ಸಿಕ್ಕಾಕ್ಕೊಂಡಿರ್ತದೆ. ಆಮೇಲೆ ತಿಂಗಳೋ ವರ್ಷಗಳೋ ಕಳೆದಂಗೆ ನಿಧಾನಕ್ಕೆ ಎರಡನೇ ರೂಪಕ್ಕೆ ಬದಲಾಗ್ತಾ 2ರಿಂದ 4 ಪರ್ಸೆಂಟ್ ಹಿಗ್ತದೆ. ಅದು ಎಳೆತ ಇರೋ ಮಧ್ಯಭಾಗದಲ್ಲಿ ಇದ್ರೆ ಒಂದು ದಿನ ಅಲ್ಲಿಂದ ಸೀಳು ಹುಟ್ಟಿ ಇಡೀ ಡೋರ್ ಪುಡಿ.

ಚೂರು ಇನ್ನೂ ಫ್ರೇಮಿನಲ್ಲಿ ನಿಂತಿದ್ರೆ, ಅಥವಾ ಒಡೆದ ತಕ್ಷಣದ ಫೋಟೋ ಇದ್ರೆ, ಸೀಳುಗಳೆಲ್ಲ ಎಲ್ಲಿಂದ ಹೊರಟಿವೆ ಅಂತ ಹಿಂದಕ್ಕೆ ಹುಡುಕಿ. ಆ ಜಾಗದಲ್ಲಿ ಉಳಿದವಕ್ಕಿಂತ ದೊಡ್ಡದಾದ ಎರಡು ಚೂರು ಅಕ್ಕಪಕ್ಕ ಚಿಟ್ಟೆ ರೆಕ್ಕೆ ಆಕಾರದಲ್ಲಿ ಕೂತಿದ್ರೆ, ನಡುವಿನ ಗೆರೆಯಲ್ಲಿ ಒಂದು ಕಪ್ಪು ಚುಕ್ಕಿ ಕಂಡ್ರೆ, ಆ ಎರಡು ಚೂರನ್ನ ಜೋಪಾನವಾಗಿ ಎತ್ತಿಡಿ, ಗ್ಲಾಸಿನವರ ಜೊತೆ ಮಾತಾಡೋಕೆ ಅದೇ ಸಾಕ್ಷಿ. ಹೊರಟ ಜಾಗ ಅಂಚಿನಲ್ಲೋ ಕೀಲು ಹತ್ತಿರವೋ ಇದ್ರೆ ಫಿಟ್ಟಿಂಗ್ ಬಿಗಿ ಜಾಸ್ತಿ ಆಗಿರಬಹುದು, ಅಂಚಿಗೆ ಹಿಂದೆ ಪೆಟ್ಟು ಬಿದ್ದಿರಬಹುದು. ಹೊಸ ಡೋರ್ ತಗೊಳ್ಳುವಾಗ ಹೀಟ್ ಸೋಕ್ ಮಾಡಿದ್ದಾ ಅಂತ ಕೇಳಿ, ಅಂದ್ರೆ ಗ್ಲಾಸನ್ನ ಸುಮಾರು 260ರಿಂದ 290 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು, ಒಡೆಯೋದಿದ್ರೆ ಫ್ಯಾಕ್ಟರಿಯಲ್ಲೇ ಒಡೀಲಿ ಅಂತ ಮಾಡೋ ಪರೀಕ್ಷೆ. ಮಷಿನ್ ಲರ್ನಿಂಗ್ ಇಲ್ಲಿ ಮಾಡಬಹುದಾದದ್ದು ಫ್ಯಾಕ್ಟರಿಯ ಕ್ಯಾಮೆರಾ ಚಿತ್ರದಲ್ಲಿ ಕಣ ಹುಡುಕೋದು, ಅಂಗಡಿಗೆ ಬಂದು ಕೂತ ಡೋರ್ ಯಾವತ್ತು ಒಡೀತದೆ ಅಂತ ಹೇಳೋದು ಅದರ ಕೈಲಾಗಲ್ಲ.

ಪ್ರಶ್ನೆ: ಸಂಡೂರಿನಿಂದ ಬರೀತಿದೀನಿ. ಕಾರಿನ ಮುಂದಿನ ಗ್ಲಾಸಿಗೆ ಸಣ್ಣ ಕಲ್ಲು ಬಿದ್ದು ಸ್ಟಾರ್ ಥರ ಆಗೈತೆ, ಹಂಗೇ ಓಡಿಸಬಹುದಾ? ಒಂದಿನ ಎಸಿ ಹಾಕಿದ ತಕ್ಷಣ ಅದು ಉದ್ದಕ್ಕೆ ಬೆಳೀತು ಅಂತ ಫ್ರೆಂಡ್ ಹೇಳಿದ.

ಉತ್ತರ: ನಿಮ್ಮ ಫ್ರೆಂಡ್ ಹೇಳಿದ್ದು ಖರೆ. ಬಿಸಿಲಿಗೆ ಕಾದ ಗ್ಲಾಸಿಗೆ ಒಳಗಿಂದ ತಣ್ಣನೆ ಗಾಳಿ ಬಿಟ್ರೆ ಒಳಮೈ ಕುಗ್ಗೋಕೆ ಹೋಗ್ತದೆ, ಹೊರಗಿನದು ಬಿಡಲ್ಲ, ಅಲ್ಲಿ ಎಳೆತ ಹುಟ್ತದೆ, ಮೊದಲೇ ಸೀಳು ಇದ್ರೆ ಅದಕ್ಕೆ ಅಷ್ಟೇ ಸಾಕು. ಗ್ಲಾಸಿನ ಸೀಳಿಗೆ ನೀರೂ ಶತ್ರು, ಬಿರುಕಿನ ತುದಿಯಲ್ಲಿ ನೀರಿನ ಅಣು ಹೋಗಿ ಬಂಧ ಸಡಿಲ ಮಾಡ್ತದೆ, ಅದಕ್ಕೇ ಏಟೇ ಬೀಳದಿದ್ರೂ ಮಳೆಗಾಲದಲ್ಲಿ ಸೀಳು ಮೆಲ್ಲಗೆ ಬೆಳೀತಾ ಹೋಗ್ತದೆ. ಸ್ಟಾರ್ ಬಿದ್ದ ದಿನವೇ ಅದರ ಮೇಲೆ ಪಾರದರ್ಶಕ ಟೇಪ್ ಹಚ್ಚಿ ಧೂಳು ನೀರು ಹೋಗದಂಗೆ ಮಾಡಿ, ಆದಷ್ಟು ಬೇಗ ರೆಸಿನ್ ಅನ್ನೋ ಪಾರದರ್ಶಕ ಅಂಟು ತುಂಬಿಸಿ, ಧೂಳು ಹೋದ ಮೇಲೆ ರೆಸಿನ್ ಸರಿಯಾಗಿ ಕೂರಲ್ಲ. ಡ್ರೈವರ್ ಕಣ್ಣೆದುರಿಗೇ ಇದ್ರೆ, ಅಂಚಿಗೆ ಮುಟ್ಟಿದ್ರೆ, ಗ್ಲಾಸೇ ಬದಲಾಯಿಸಿ. ಬಿಸಿಲಲ್ಲಿ ನಿಂತ ಕಾರು ಹತ್ತಿದಾಗ ಮೊದಲು ಕಿಟಕಿ ಇಳಿಸಿ ಬಿಸಿ ಗಾಳಿ ಹೊರಗೆ ಬಿಡಿ, ಎಸಿ ಆಮೇಲೆ.

ಪ್ರಶ್ನೆ: ಗಂಗಾವತಿಯಿಂದ. ಮೊಬೈಲಿನ ಗ್ಲಾಸನ್ನೂ ಇದೇ ಥರ ಕಾಯಿಸಿ ಮಾಡ್ತಾರೇನ್ರಿ?

ಉತ್ತರ: ಇಲ್ಲ. ಒಳ್ಳೆ ಮೊಬೈಲ್ ಗ್ಲಾಸು ಬಹಳ ತೆಳ್ಳಗಿರೋದ್ರಿಂದ ಗಾಳಿ ಊದೋ ದಾರಿ ಅದಕ್ಕೆ ಆಗಲ್ಲ. ಅದನ್ನ ಕರಗಿದ ಪೊಟ್ಯಾಸಿಯಂ ಉಪ್ಪಿನಲ್ಲಿ ಮುಳುಗಿಸ್ತಾರೆ, ಗ್ಲಾಸಿನ ಮೇಲ್ಮೈಯ ಸಣ್ಣ ಸೋಡಿಯಂ ಅಯಾನು (ವಿದ್ಯುತ್ ಅಂಶ ಇರೋ ಪರಮಾಣು) ಹೋಗಿ ಆ ಜಾಗಕ್ಕೆ ದೊಡ್ಡ ಪೊಟ್ಯಾಸಿಯಂ ಅಯಾನು ಬಂದು ಒತ್ತರಿಸಿಕೊಂಡು ಕೂರ್ತದೆ, ಅದೇ ಅದುಮಿದ ಪದರ.

ಪ್ರಶ್ನೆ: ಸಿಂಧನೂರಿಂದ ಒಬ್ಬ ತಾಯಿ ಬರೀಲಿಕತ್ತೀನ್ರಿ. ಮಕ್ಕಳ ಸ್ಕೂಲ್ ಬಸ್ಸಿನ್ಯಾಗ ಕೆಂಪು ಸುತ್ತಿಗಿ ಇಟ್ಟಾರ, ಅಪಘಾತ ಆದ್ರ ಯಾವ ಗ್ಲಾಸಿಗೆ ಹೊಡಿಬೇಕು ಅಂತ ಯಾರಿಗೂ ಗೊತ್ತಿಲ್ಲ.

ಉತ್ತರ: ಅಕ್ಕಾ, ಇದನ್ನ ಮಕ್ಕಳಿಗೂ ಡ್ರೈವರ್‌ಗೂ ದಯವಿಟ್ಟು ಹೇಳಿಕೊಡಿ. ಸುತ್ತಿಗೆಯ ಚೂಪು ತುದಿಯಿಂದ ಸೈಡ್ ಗ್ಲಾಸಿಗೆ ಹೊಡೀಬೇಕು, ಅದೂ ನಡುವೆ ಅಲ್ಲ, ಮೂಲೆ ಹತ್ತಿರ. ನಡುವೆ ಹೊಡೆದ್ರೆ ಗ್ಲಾಸು ಬಾಗಿ ಏಟು ನುಂಗ್ತದೆ, ಮೂಲೆಯಲ್ಲಿ ಬಾಗೋಕೆ ಜಾಗ ಇಲ್ಲ, ಚೂಪು ತುದಿ ಆ ಅದುಮಿದ ಪದರ ದಾಟಿ ಒಳಗೆ ಮುಟ್ತದೆ. ಮುಂದಿನ ಲ್ಯಾಮಿನೇಟೆಡ್ ಗ್ಲಾಸಿಗೆ ಹೊಡೀತಾ ಕೂತ್ರೆ ಸೀಳು ಬರ್ತದೆ ಹೊರತು ದಾರಿ ಆಗಲ್ಲ, ಹೊತ್ತು ಹಾಳು. ಸೈಡ್ ಗ್ಲಾಸಿನ ಮೇಲೆ ಪ್ಲಾಸ್ಟಿಕ್ ಫಿಲ್ಮ್ ಹಚ್ಚಿದ್ರೆ ಒಡೆದ ಮೇಲೂ ಚೂರು ಅಂಟ್ಕೊಂಡೇ ಇರ್ತವೆ, ಆವಾಗ ಕಾಲಿಂದ ಹೊರಗೆ ಒದೆಯಬೇಕಾಗ್ತದೆ.

ಪ್ರಶ್ನೆ: ಸರ್, ನಾನು ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಕೊನೇ ವರ್ಷ ಓದ್ತಿದೀನಿ. ಟಫನ್ಡ್ ಗ್ಲಾಸಿನ ಚೂರಿನ ಫೋಟೋ ತೆಗೆದು ಮಷಿನ್ ಲರ್ನಿಂಗ್ ಪ್ರಾಜೆಕ್ಟ್ ಮಾಡಬೇಕು ಅಂತ ನಮ್ಮ ಗುಂಪಿಗೆ ಆಸೆ. ದೊಡ್ಡ ಲ್ಯಾಬ್ ಇಲ್ಲ, ಗ್ಲಾಸು ತಗೊಳ್ಳೋಕೆ ಜಾಸ್ತಿ ದುಡ್ಡೂ ಇಲ್ಲ. ಮಾಡಬಹುದಾ?

ಉತ್ತರ: ಮಾಡಬಹುದು ತಂಗಿ, ಮಾಡ್ಲೇಬೇಕು. ಹೈ ಸ್ಪೀಡ್ ಕ್ಯಾಮೆರಾ ಬೇಡ, ಒಡೆಯೋ ಕ್ಷಣ ಬಿಟ್ಟು ಒಡೆದ ಮೇಲಿನ ಚೂರನ್ನ ಹಿಡೀರಿ, ಅದಕ್ಕೆ ಮೊಬೈಲ್ ಕ್ಯಾಮೆರಾ ಸಾಕು. ಯುರೋಪಿನ ಇಎನ್ 12150 ಮಾನದಂಡದ ಪರೀಕ್ಷೆ ಬಹಳ ಸರಳ ಐತೆ, 360 ಎಂಎಂ ಅಗಲ 1100 ಎಂಎಂ ಉದ್ದದ ಹಾಳೆ ತಗೊಂಡು, ಚೂರು ಚೆಲ್ಲದಂಗೆ ಸುತ್ತ ಅಂಚಿಗೆ ಟೇಪ್ ಹಚ್ಚಿ, ಉದ್ದನೆ ಅಂಚಿನ ಮಧ್ಯದಲ್ಲಿ ಒಳಗೆ 13 ಎಂಎಂ ಬಿಟ್ಟು ಚೂಪು ಪಂಚ್‌ನಿಂದ ಒಡೀತಾರೆ. ಆಮೇಲೆ 50 ಎಂಎಂ ಚೌಕ ಇಟ್ಟು ಅದರೊಳಗಿನ ಚೂರು ಎಣಿಸ್ತಾರೆ, ಚೌಕದ ಗೆರೆ ಮೇಲೆ ಬಿದ್ದದ್ದು ಅರ್ಧ ಅಂತ ಲೆಕ್ಕ, 4ರಿಂದ 12 ಎಂಎಂ ದಪ್ಪದ ಫ್ಲೋಟ್ ಗ್ಲಾಸಿಗೆ ಕಮ್ಮಿ ಅಂದ್ರೂ 40 ಇರಬೇಕು. ಪಂಚ್ ಬಿದ್ದ ಜಾಗದ ಸುತ್ತ 100 ಎಂಎಂ, ಅಂಚಿನಿಂದ 25 ಎಂಎಂ ಲೆಕ್ಕಕ್ಕೆ ಇಲ್ಲ. ಒಡೆದ ಮೇಲೂ ಚೂರುಗಳು ಇನ್ನೂ ಸೀಳ್ತಾ ಇರ್ತವೆ, ಅದಕ್ಕೇ ಐದು ನಿಮಿಷದೊಳಗೆ ಫೋಟೋ ತೆಗೀರಿ.

ಫೋಟೋದಿಂದ ಚೂರಿನ ಗೆರೆ ಬಿಡಿಸೋಕೆ ಯು-ನೆಟ್ ಅನ್ನೋ ಮಾಡೆಲ್ ಬಳಸಿ, 2015ರಲ್ಲಿ ಜರ್ಮನಿಯ ಫ್ರೈಬರ್ಗ್‌ನವರು ಮೈಕ್ರೋಸ್ಕೋಪಿನಲ್ಲಿ ಜೀವಕೋಶದ ಗಡಿ ಗುರುತಿಸೋಕೆ ಅಂತ ಮಾಡಿದ್ದು, ಕಮ್ಮಿ ಚಿತ್ರಗಳಲ್ಲೂ ಕಲೀತದೆ. ಹಾಳೆ ಕೆಳಗೆ ಕಪ್ಪು ಬಟ್ಟೆ ಹಾಸಿ ಬದಿಯಿಂದ ಬೆಳಕು ಬಿಟ್ರೆ ಗೆರೆ ಚೆನ್ನಾಗಿ ಕಾಣ್ತವೆ. ಚೂರಿನ ಸೈಜು ಬಂದ ಮೇಲೆ ದಪ್ಪ ಮತ್ತು ಪಂಚ್‌ನಿಂದ ದೂರ ಇಟ್ಕೊಂಡು ಸೈಜನ್ನ ಅಂದಾಜು ಮಾಡೋಕೆ ರ್‍ಯಾಂಡಮ್ ಫಾರೆಸ್ಟ್ ಅನ್ನೋ ಸರಳ ಮಾಡೆಲ್ ಸಾಕು, ದೊಡ್ಡ ನ್ಯೂರಲ್ ನೆಟ್‌ವರ್ಕ್ ಹಾಕೋಷ್ಟು ಡೇಟಾ ನಿಮ್ಮ ಹತ್ರ ಇರಲ್ಲ. ಒಳಗಿನ ಒತ್ತಡ ಅಳೆಯೋ ಯಂತ್ರ ಸಿಕ್ಕಿದ್ರೆ ಬಹಳ ಒಳ್ಳೇದು, ಸಿಗದಿದ್ರೆ ಬೇರೆ ಬೇರೆ ದಪ್ಪ, ಬೇರೆ ಬೇರೆ ಅಂಗಡಿಯ ತುಂಡು ತಗೊಳ್ಳಿ. ಕೊಟ್ಟ ಅಳತೆಗೆ ಹೊಂದದೆ ಉಳಿದ ಹಾಳೆಗಳು ಗ್ಲಾಸ್ ಅಂಗಡಿಯಲ್ಲಿ ಮೂಲೆಗೆ ಬಿದ್ದಿರ್ತವೆ, ಟಫನ್ ಮಾಡಿದ ಮೇಲೆ ಕತ್ತರಿಸೋಕೆ ಆಗದ್ದರಿಂದ ಅವು ಅವರಿಗೂ ಉಪಯೋಗ ಇಲ್ಲ, ಕೇಳಿ ನೋಡಿ.

ಒಂದು ಮಾತು ಬರೆದಿಟ್ಕೊಳ್ಳಿ, ಈ ಥರ ಪ್ರಾಜೆಕ್ಟುಗಳು ಕೆಡೋದೇ ಇಲ್ಲಿ. ಒಂದು ಹಾಳೆಯಿಂದ ನೂರು ಸಣ್ಣ ಚಿತ್ರ ಕತ್ತರಿಸ್ತೀರಿ, ಅವನ್ನೆಲ್ಲ ಕಲಸಿ ಎಂಬತ್ತು ಕಲಿಸೋಕೆ, ಇಪ್ಪತ್ತು ಪರೀಕ್ಷೆಗೆ ಅಂತ ಹಂಚಿದ್ರೆ ಮಾಡೆಲ್ 98 ಪರ್ಸೆಂಟ್ ತೋರಿಸ್ತದೆ, ಅದು ಸುಳ್ಳು, ಯಾಕಂದ್ರೆ ಪರೀಕ್ಷೆಯ ಚಿತ್ರವೂ ಅದು ಆಗಲೇ ನೋಡಿದ ಹಾಳೆಯದ್ದೇ. ಹಾಳೆ ಹಾಳೆಯಾಗಿ ಹಂಚಬೇಕು, ಪರೀಕ್ಷೆಗೆ ಇಟ್ಟ ಹಾಳೆಯ ಒಂದು ತುಂಡೂ ಕಲಿಸೋ ಕಡೆ ಹೋಗಬಾರದು. ನಂಬರ್ ಕಮ್ಮಿ ಬರ್ತದೆ, ಬರಲಿ, ಗೈಡ್ ಕೇಳಿದ್ರೆ ಯಾಕೆ ಅಂತ ಎದೆ ಎತ್ತಿ ಹೇಳಿ. ಹಂಗೇ ಮಾಡೆಲ್ ಕೊಡೋ ಉತ್ತರ ಒಂದೇ ನಂಬರ್ ಆಗಿರದೆ, ಚೂರು ಇಷ್ಟರಿಂದ ಇಷ್ಟು ಇರ್ತವೆ ಅಂತ 80 ಪರ್ಸೆಂಟ್ ಖಾತ್ರಿಯ ಒಂದು ವ್ಯಾಪ್ತಿ ಆಗಿರಲಿ, ಆಮೇಲೆ ಹೊಸ ಹಾಳೆಗಳನ್ನ ಒಡೆದು ಎಣಿಸಿ ನೋಡಿ, ಹತ್ತರಲ್ಲಿ ಎಂಟು ಆಸುಪಾಸು ಆ ವ್ಯಾಪ್ತಿಯೊಳಗೆ ಬಿದ್ರೆ ನಿಮ್ಮ ಮಾಡೆಲ್ ನಂಬಿಕೆಗೆ ಅರ್ಹ, ನಾಕೇ ಬಿದ್ರೆ ಅದು ತನಗೆ ಗೊತ್ತಿರೋದಕ್ಕಿಂತ ಜಾಸ್ತಿ ಧೈರ್ಯ ತೋರಿಸ್ತಿದೆ ಅಂತ ಅರ್ಥ. ಜೊತೆಗೆ ಮಾಡೆಲ್ಲೇ ಇಲ್ಲದೆ ಬರೀ ಸರಾಸರಿ ಹೇಳಿದ್ರೆ ಎಷ್ಟು ತಪ್ಪು ಬರ್ತದೆ ಅನ್ನೋದನ್ನೂ ಪಕ್ಕದಲ್ಲಿ ಬರೀರಿ, ಅದಕ್ಕಿಂತ ಚೆನ್ನಾಗಿ ಮಾಡಿದ್ರೇನೇ ಮಷಿನ್ ಏನೋ ಕಲಿತಿದೆ ಅಂತ.

ಆಮೇಲೆ ಸಾಧ್ಯ ಆದ್ರೆ ಒಂದು ಅಧ್ಯಾಯ ಹಳೇ ಗ್ಲಾಸಿಗೆ ಇಡಿ. ಗ್ಯಾರೇಜಿನಲ್ಲಿ ತೆಗೆದು ಹಾಕಿದ ಬಸ್ಸು ಕಾರಿನ ಸೈಡ್ ಗ್ಲಾಸು ತಂದು, ಅದೇ ದಪ್ಪದ ಹೊಸದರ ಜೊತೆ, ಗುಂಡು ಎಷ್ಟು ಎತ್ತರದಿಂದ ಬಿದ್ರೆ ಒಡೀತದೆ ಅಂತ ಹೋಲಿಸಿ. ನಮ್ಮ ಧೂಳು, ನಮ್ಮ ಬಿಸಿಲು ತಿಂದ ಗ್ಲಾಸಿನ ಅಳತೆ ಮಾಡಿ ಕೊಟ್ರೆ ಮುಂದೆ ಯಾರು ಮಾಡೆಲ್ ಮಾಡಿದ್ರೂ ಅವರಿಗೆ ಬೇಕಾಗ್ತದೆ. ಒಡೆಯುವಾಗ ಕಣ್ಣಿಗೆ ಗಾಗಲ್, ಕೈಗೆ ದಪ್ಪ ಗ್ಲೌಸ್, ಕಾಲಿಗೆ ಶೂ ಇಲ್ಲದೆ ಯಾರೂ ಹತ್ತಿರ ನಿಲ್ಲಬೇಡಿ, ಗುಂಡು ಬೀಳಿಸೋ ಪರೀಕ್ಷೆಗೆ ಸುತ್ತ ಪ್ಲೈವುಡ್ ಅಡ್ಡ ಇಡಿ. ಹಾಳೆಗಳಿಗೆ ಮೊದಲೇ ಮಾರ್ಕರ್‌ನಿಂದ ನಂಬರ್ ಬರೀರಿ, ದಪ್ಪ, ಅಂಗಡಿ, ಒಡೆದ ದಿನದ ಟೆಂಪರೇಚರ್ ಎಲ್ಲ ಒಂದು ನೋಟ್‌ಬುಕ್ಕಲ್ಲಿ ಇರಲಿ, ರಿಸಲ್ಟ್ ಬಂದಾಗ ಬರೆದು ಕಳಿಸಿ, ಇದೇ ಅಂಕಣದಲ್ಲಿ ಹಾಕ್ತೀವಿ.